ಮಗ್ಗದಿಂದ ರಾಟೆಗೆ: ಕೊಂಗುನಾಡಿನ ದೇವಾಂಗರ ವಾರ್ಧಕ್ಯ

ಭವಾನಿ ನದಿಯ ತಡಿಯ ಸಿರುಮುಗೈಯಲ್ಲಿಯೂ ಪೊಳ್ಳಾಚಿಯ ಸಮೀಪದ ನೆಗಮದಲ್ಲಿಯೂ, ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಇತರ ನೇಕಾರಕೇರಿಗಳಲ್ಲಿಯೂ ತಲೆಮಾರುಗಳಿಂದ ನೆಲಸಿ, ಸಂತೆಯಲ್ಲಿ ತಮಿಳನ್ನೂ ಮನೆಯೊಳಗೆ ಕನ್ನಡವನ್ನೂ ಆಡುತ್ತ ಬಂದ ದೇವಾಂಗರ ಚರಿತ್ರೆಯನ್ನು ಹೇಳುವವರು, ವಿಜಯನಗರದ ಕಾಲದ ವಲಸೆಯ ಐತಿಹ್ಯದಿಂದ ತೊಡಗಿ, ಕುಲದೇವತೆ ಚೌಡೇಶ್ವರಿಯ ಉತ್ಸವವನ್ನು ವರ್ಣಿಸಿ, ಸೀರೆಯ ಸೊಬಗನ್ನು ಕೊಂಡಾಡಿ ಮುಗಿಸುವುದು ವಾಡಿಕೆ. ಆ ಮನೆಗಳಲ್ಲಿ ಮುಪ್ಪು ಹೇಗೆ ಬರುತ್ತಿತ್ತು, ಬಂದ ಮುಪ್ಪಿಗೆ ಯಾವ ಸ್ಥಾನ ದೊರೆಯುತ್ತಿತ್ತು ಎಂಬುದೂ ಅಷ್ಟೇ ಆದರದಿಂದ ವಿಚಾರಿಸತಕ್ಕ ಸಂಗತಿಯಾಗಿದೆ.

ಗುಂಡಿಮಗ್ಗದ ನೇಕಾರನಿಗೆ ನಿವೃತ್ತಿಯ ದಿನವೆಂಬುದಿರಲಿಲ್ಲ. ಹಲಗೆ ತುಳಿದು ತುಳಿದು ಮೊಣಕಾಲು ಸೋತು, ಅಂಚಿನ ಎಳೆ ಕಣ್ಣಿಗೆ ಮಸುಕಾದಾಗ, ಆತನು ಮಗ್ಗವನ್ನು ಮಗನಿಗೊಪ್ಪಿಸಿ ಹಾಸು ಕೂಡಿಸುವ ಕೆಲಸಕ್ಕೆ ಇಳಿಯುತ್ತಿದ್ದನು. ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ತುದಿಯನ್ನು, ಬೆರಳಿಗೆ ಬೂದಿ ಸವರಿಕೊಂಡು, ಒಂದೊಂದೇ ಎಳೆಯಾಗಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆಗಳ ಈ ಕಾರ್ಯಕ್ಕೆ ತೀಕ್ಷ್ಣದೃಷ್ಟಿಗಿಂತ ಪಳಗಿದ ಬೆರಳೂ ಅವಸರವಿಲ್ಲದ ಮನಸ್ಸೂ ಹೆಚ್ಚು ಬೇಕಾಗಿದ್ದವು. ಅದೂ ಕೈಲಾಗದಾದಾಗ ಉಳಿಯುತ್ತಿದ್ದುದು ರಾಟೆ. ಹಗ್ಗವೆಳೆದು ಲಾಳಿಯನ್ನು ಓಡಿಸುವ ಕ್ರಮ ಬಂದಮೇಲೆ ನೇಯ್ಗೆಯ ವೇಗ ಹೆಚ್ಚಿ, ಹೊಕ್ಕಿನ ನೂಲು ಬೇಗಬೇಗನೆ ತೀರುತ್ತಿದ್ದುದರಿಂದ, ಮನೆಯ ಅಜ್ಜಿ ಗೋಡೆಗೊರಗಿ ಕುಳಿತು ರಾಟೆಯಿಂದ ಲಾಳಿಯ ಕಂಡಿಕೆಗೆ ನೂಲು ಸುತ್ತದಿದ್ದರೆ ಮೊಮ್ಮಗನ ಮಗ್ಗ ನಿಲ್ಲುತ್ತಿತ್ತು.

ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ಕಾಠಿಣ್ಯವನ್ನು ಮರೆಯಲಾಗದು. ಕೂಲಿ ನೇಯ್ದ ಸೀರೆಯ ಲೆಕ್ಕಕ್ಕೆ ಸಲ್ಲುತ್ತಿತ್ತು. ಕಂಡಿಕೆಗೆ ಬೇರೆ ಲೆಕ್ಕವಿರಲಿಲ್ಲ. ಮುದುಕರು ದುಡಿದದ್ದು ಪ್ರೀತಿಯಿಂದ ಹೇಗೋ ಹಾಗೆಯೇ ಅಗತ್ಯದಿಂದಲೂ ಅಹುದು. ಮಳೆಗಾಲದಲ್ಲಿ ಹಾಸು ಒಣಗದೆ ಮಗ್ಗ ನಿಂತರೆ, ಮನೆಯ ಹಿರಿಯರಿಗೂ ಕಿರಿಯರಿಗೂ ಒಂದೇ ಅರೆಹೊಟ್ಟೆ.

ಇಪ್ಪತ್ತನೆಯ ಶತಮಾನದಲ್ಲಿ ಮಗ್ಗ, ಹಾಸು, ರಾಟೆ ಎಂಬ ಈ ಮೆಟ್ಟಿಲುಗಳು ಎರಡು ಕಡೆಯಿಂದ ಬದಲಾದವು. ಒಂದು ಕಡೆ, ನೀಲಗಿರಿಯ ಪೈಕಾರದ ಜಲವಿದ್ಯುತ್ತು 1930ರ ದಶಕದಲ್ಲಿ ಕೊಯಮತ್ತೂರಿಗೆ ಬಂದು ಗಿರಣಿಗಳು ಬೆಳೆದವು. ಕಾಲಕ್ರಮದಲ್ಲಿ ಸೋಮನೂರು, ಪಲ್ಲಡಂ ಪ್ರದೇಶಗಳು ವಿದ್ಯುನ್ಮಗ್ಗಗಳಿಂದ ತುಂಬಿದವು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು ಹಳ್ಳಿಯ ತರುಣರನ್ನು ಸೆಳೆದುಕೊಂಡವು. ಕಂಡಿಕೆಯನ್ನು ಯಂತ್ರವೇ ಸುತ್ತುವಲ್ಲಿ ಅಜ್ಜಿಗೆ ಕೆಲಸವಿಲ್ಲ. ಮತ್ತೊಂದು ಕಡೆ, ಮದರಾಸು ಪ್ರಾಂತದಲ್ಲಿ 1935ರಲ್ಲಿ ಸ್ಥಾಪಿತವಾಗಿ ಮುಂದೆ ಕೋ-ಆಪ್ಟೆಕ್ಸ್ ಎಂದು ಪ್ರಸಿದ್ಧವಾದ ಕೈಮಗ್ಗ ನೇಕಾರರ ಸಹಕಾರ ಸಂಸ್ಥೆಯ ಆಶ್ರಯದಲ್ಲಿ ಊರೂರ ಸಹಕಾರ ಸಂಘಗಳು ಬಲಗೊಂಡವು. 1962ರಲ್ಲಿ ರಾಜ್ಯವು ನಿರ್ಗತಿಕ ವೃದ್ಧರಿಗೆ ಮಾಸಾಶನವನ್ನು ಆರಂಭಿಸಿತು. 1975ರಲ್ಲಿ ಸಂಘಗಳ ಕೈಮಗ್ಗ ನೇಕಾರರಿಗಾಗಿ, ಅವರ ಕೂಲಿಯ ಒಂದಂಶಕ್ಕೆ ಸರಕಾರವೂ ತನ್ನ ಪಾಲನ್ನು ಸೇರಿಸುವ ಉಳಿತಾಯ ಮತ್ತು ಭದ್ರತಾ ಯೋಜನೆ ಬಂದಿತು. ಮುಂದೆ ವೃದ್ಧ ನೇಕಾರರಿಗೆ ನಿವೃತ್ತಿವೇತನವೂ ದೊರೆಯಿತು. ಯಾರ ಮುಂದೆಯೂ ಕೈಯೊಡ್ಡದೆ ಔಷಧಿ ಕೊಳ್ಳುವ ಸ್ವಾತಂತ್ರ್ಯ ಸಣ್ಣದಲ್ಲ. ಅದನ್ನು ಹಳೆಯ ಕೂಡುಕುಟುಂಬ ಎಲ್ಲ ಹಿರಿಯರಿಗೂ ಕೊಟ್ಟಿರಲಿಲ್ಲ.

ಆದರೆ ನೇಕಾರರಿಗಾಗಿ ಬಂದ ಈ ಸೌಲಭ್ಯ ಸೇರುವುದು ಸಂಘದ ಪುಸ್ತಕದಲ್ಲಿ ನೇಕಾರರೆಂದು ಹೆಸರಿದ್ದವರಿಗೆ. ಜೀವಮಾನವಿಡೀ ರಾಟೆ ತಿರುಗಿಸಿದವರಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ಅನೇಕರ ಹೆಸರು ಅಲ್ಲಿಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ದೇಶದ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ 8 ಲಕ್ಷಕ್ಕೂ ಮಿಕ್ಕಿದವರನ್ನು ಪೂರಕ ಕೆಲಸದವರೆಂದು ಎಣಿಸಿದೆ. ಎಣಿಸಿದ ಮೇಲೆ ಒಪ್ಪಿಕೊಳ್ಳುವುದು ಧರ್ಮ. ಕಂಡಿಕೆ ಸುತ್ತಿದ ಕೈಗಳಿಗೂ ಅವರವರ ಹೆಸರಿನಲ್ಲಿಯೇ ಕೂಲಿಯೂ, ಮುಪ್ಪಿನಲ್ಲಿ ವೇತನವೂ ಸಲ್ಲುವಂತಾದಲ್ಲಿ, ಹಳೆಯ ಮನೆ ಹಿರಿಯರಿಗೆ ಕೊಟ್ಟಿದ್ದ ಸ್ಥಾನವೂ ಅದು ಕೊಡದೆ ಉಳಿಸಿಕೊಂಡ ಬಾಕಿಯೂ ಒಟ್ಟಿಗೆ ಸಂದಾಯವಾದಂತಾಗುವುದು.