ತಿರುವಿನಲ್ಲಿ ಎಂಜಿನ್‌ಗೆ ಬಾಯಾರಿಕೆ: ಆಯಿಲ್ ಚೇಂಬರ್ ಬದಲಾವಣೆ ಯಾರಿಗೆ ಬೇಕು, ಯಾರಿಗೆ ಬೇಡ?

ಬಣ್ಣಾರಿಯಿಂದ ದಿಂಬಂ ಘಟ್ಟ ಹತ್ತಿದವರಿಗೆ 27 ತಿರುವುಗಳ ಅನುಭವ ಹೇಳಿಕೊಡಬೇಕಾಗಿಲ್ಲ. ಬಸ್ಸು ಎಡಕ್ಕೆ ತಿರುಗಿದರೆ ಕೂತವರ ಮೈ ಬಲಕ್ಕೆ ವಾಲುತ್ತದೆ. ಕಾಲ ಬಳಿ ಇಟ್ಟ ಕ್ಯಾನಿನೊಳಗಿನ ಮಜ್ಜಿಗೆಯೂ ಬಲಕ್ಕೆ ಏರುತ್ತದೆ. ಇದೇ ಹೊತ್ತಿಗೆ ಎಂಜಿನ್ನಿನ ಅಡಿಯಲ್ಲಿರುವ ಆಯಿಲ್ ಕೂಡ ಹೀಗೆಯೇ ಒಂದು ಬದಿಗೆ ಸರಿಯುತ್ತದೆ. ಸಾಮಾನ್ಯ ಓಡಾಟದಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ರೇಸ್ ಟ್ರ್ಯಾಕ್‌ನಲ್ಲಿ ಓಡುವ ಕಾರಿಗೆ ಇದೇ ಸಂಗತಿ ಎಂಜಿನ್ ಕಳೆದುಕೊಳ್ಳುವ ಕಾರಣವಾಗುತ್ತದೆ. ಆಯಿಲ್ ಕಡಿಮೆ ಇರುವ ಊರಿನ ಕಾರಿಗೂ ಇದರ ಅಪಾಯ ತಪ್ಪಿದ್ದಲ್ಲ.

ಆಯಿಲ್ ಬದಿಗೆ ಸರಿದು ಪಂಪಿಗೆ ಗಾಳಿ ಸಿಗುವ ಈ ಸ್ಥಿತಿಯನ್ನು ಆಯಿಲ್ ಸ್ಟಾರ್ವೇಶನ್ ಎನ್ನುತ್ತಾರೆ. ಇದನ್ನು ತಡೆಯಲು ಆಯಿಲ್ ಚೇಂಬರ್ ಬದಲಾಯಿಸುವುದು ಅಥವಾ ಅದರೊಳಗೆ ತಡೆಗಳನ್ನು ಕೂರಿಸುವುದು ರೇಸಿನವರ ಹಳೆಯ ಪದ್ಧತಿ. ಅದು ಹೇಗೆ ಕೆಲಸ ಮಾಡುತ್ತದೆ, ಯಾರಿಗೆ ಅಗತ್ಯ ಎಂಬ ವಿವರ ಇಲ್ಲಿದೆ.

ಚೇಂಬರಿನೊಳಗೆ ಏನಿದೆ?

ಎಂಜಿನ್ನಿನ ಕೆಳಗೆ ಬೋಲ್ಟ್ ಹಾಕಿ ಕೂರಿಸಿರುವ ತಗಡಿನ ಅಥವಾ ಅಲ್ಯೂಮಿನಿಯಂ ತೊಟ್ಟಿಯೇ ಆಯಿಲ್ ಚೇಂಬರ್. ಪುಸ್ತಕಗಳಲ್ಲಿ ಇದಕ್ಕೆ ಆಯಿಲ್ ಪ್ಯಾನ್, ಸಂಪ್ ಎಂಬ ಹೆಸರುಗಳಿವೆ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸುಮಾರು 3 ಲೀಟರ್ ಆಯಿಲ್ ಹಿಡಿಯುತ್ತದೆ. ಚೇಂಬರಿನ ತಳಕ್ಕೆ ಹತ್ತಿರವಾಗಿ, ಕೆಲವೇ ಮಿಲಿಮೀಟರ್ ಅಂತರ ಬಿಟ್ಟು, ಜಾಲರಿ ಇರುವ ಸ್ಟ್ರೈನರ್ ಇರುತ್ತದೆ. ಪಂಪು ಇದರ ಮೂಲಕ ಆಯಿಲ್ ಎಳೆದು, ಫಿಲ್ಟರ್ ದಾಟಿಸಿ, ಕ್ರ್ಯಾಂಕ್‌ನ ಬೇರಿಂಗ್‌ಗಳಿಗೂ ಮೇಲಿನ ಹೆಡ್‌ಗೂ ಕಳಿಸುತ್ತದೆ. ಕೆಲಸ ಮುಗಿಸಿದ ಆಯಿಲ್ ತನ್ನ ಭಾರದಿಂದಲೇ ಮತ್ತೆ ಚೇಂಬರಿಗೆ ಇಳಿಯುತ್ತದೆ.

ಕ್ರ್ಯಾಂಕ್‌ಗೂ ಬೇರಿಂಗಿಗೂ ನಡುವೆ ಇರುವ ಸಂದು ತಲೆಗೂದಲಿನಷ್ಟೇ ತೆಳು. ಆ ಸಂದಿನಲ್ಲಿ ಒತ್ತಡದಿಂದ ತುಂಬಿದ ಆಯಿಲ್ ಪದರದ ಮೇಲೆ ಕ್ರ್ಯಾಂಕ್ ತೇಲುತ್ತಾ ತಿರುಗುತ್ತದೆ. ಎಂಜಿನ್ 6,000 ಆರ್‌ಪಿಎಂನಲ್ಲಿದ್ದರೆ ಒಂದು ಸೆಕೆಂಡಿಗೆ 100 ಸುತ್ತು. ಪಂಪು ಒಂದು ಸೆಕೆಂಡ್ ಗಾಳಿ ಎಳೆದರೂ ಪದರ ಹರಿದು ಲೋಹಕ್ಕೆ ಲೋಹ ತಾಗುವ ಸಂಭವ ಉಂಟು. ಬೇರಿಂಗಿನ ಮೆದು ಲೋಹ ಬಿಸಿಯಾಗಿ ಕರಗುತ್ತದೆ, ಕ್ರ್ಯಾಂಕ್ ಗೀಚುತ್ತದೆ, ಎಂಜಿನ್ ಬಡಿಯತೊಡಗುತ್ತದೆ. ಬಹಳ ಸಲ ಮೊದಲು ಹೋಗುವುದು ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗ್. ಹಾಗೆಯೇ ಓಡಿಸಿದರೆ ರಾಡ್ ಮುರಿದು ಬ್ಲಾಕ್ ಒಡೆಯಬಹುದು.

ತಿರುವಿನ ಲೆಕ್ಕ

ತಿರುವಿನಲ್ಲಿ ಆಯಿಲ್ ಎಷ್ಟು ವಾಲುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದರೆ ಪಕ್ಕಕ್ಕೆ ಎಳೆಯುವ ಬಲದ ಪ್ರಮಾಣ ಸಿಗುತ್ತದೆ. ಇದನ್ನು ಭೂಮಿಯ ಸೆಳೆತಕ್ಕೆ ಹೋಲಿಸಿ ಹೇಳುವುದು ವಾಡಿಕೆ.

10 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವಿನಲ್ಲಿ 20 ಕಿ.ಮೀ. ವೇಗದಲ್ಲಿ ಹೋದರೆ ಈ ಬಲ ಭೂಮಿಯ ಸೆಳೆತದ ಸುಮಾರು ಮೂರನೇ ಒಂದು ಭಾಗ. ಆಗ ಆಯಿಲ್ ಸುಮಾರು 17 ಡಿಗ್ರಿ ವಾಲುತ್ತದೆ. ಚೇಂಬರ್ 25 ಸೆಂ.ಮೀ. ಅಗಲವಿದ್ದರೆ ಒಂದು ಬದಿಯ ಮಟ್ಟ ಇನ್ನೊಂದು ಬದಿಗಿಂತ ಸುಮಾರು 8 ಸೆಂ.ಮೀ. ಎತ್ತರ. ನಡುವೆ ಇರುವ ಸ್ಟ್ರೈನರ್ ಬಳಿ ಮಟ್ಟ ಹೆಚ್ಚು ಬದಲಾಗುವುದಿಲ್ಲ. ಆದರೆ ಆಯಿಲ್‌ನ ಆಳ 4 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಒಂದು ಬದಿಯ ತಳ ಬರಿದಾಗತೊಡಗುತ್ತದೆ. ಆಯಿಲ್ ಇನ್ನೂ ಕಡಿಮೆಯಿದ್ದಷ್ಟೂ ಆ ಬರಿ ಜಾಗ ಸ್ಟ್ರೈನರ್ ಕಡೆಗೆ ಬರುತ್ತದೆ.

ಈಗ ರೇಸಿನ ತಿರುವು. ತ್ರಿಜ್ಯ 80 ಮೀಟರ್, ವೇಗ 100 ಕಿ.ಮೀ. ಎಂದಿಟ್ಟುಕೊಂಡರೆ ಪಕ್ಕದ ಬಲ ಹೆಚ್ಚುಕಡಿಮೆ ಭೂಮಿಯ ಸೆಳೆತದಷ್ಟೇ ಆಗುತ್ತದೆ. ಆಯಿಲ್ 45 ಡಿಗ್ರಿ ವಾಲುತ್ತದೆ. ಅದೇ 25 ಸೆಂ.ಮೀ. ಚೇಂಬರಿನಲ್ಲಿ ಎರಡು ಬದಿಗಳ ವ್ಯತ್ಯಾಸವೂ 25 ಸೆಂ.ಮೀ. ಅಂದರೆ ಆಯಿಲ್ ಗೋಡೆ ಹತ್ತಿ ಮೇಲಕ್ಕೆ ಹೋಗುತ್ತದೆ, ಸ್ಟ್ರೈನರ್ ಬರಿದಾಗುತ್ತದೆ. ಇಂತಹ ತಿರುವು ನಾಲ್ಕೈದು ಸೆಕೆಂಡ್ ಇರುತ್ತದೆ. ಆರ್‌ಪಿಎಂ ಹೆಚ್ಚಿರುವುದರಿಂದ ಪಂಪು ಕೂಡ ಆಯಿಲನ್ನು ವೇಗವಾಗಿ ಮೇಲಕ್ಕೆ ಕಳಿಸುತ್ತಿರುತ್ತದೆ, ಅದು ಅಷ್ಟೇ ಬೇಗ ಕೆಳಗೆ ಬರುವುದಿಲ್ಲ. ಬಲವಾದ ಬ್ರೇಕ್ ಸೇರಿದರೆ ಆಯಿಲ್ ಮುಂದಕ್ಕೂ ಓಡುತ್ತದೆ.

ಬೈಕುಗಳಿಗೆ ಈ ಸಮಸ್ಯೆ ಅಷ್ಟಾಗಿ ಇಲ್ಲ. ತಿರುವಿನಲ್ಲಿ ಬೈಕೇ ಒಳಗೆ ವಾಲುವುದರಿಂದ ಆಯಿಲ್ ಚೇಂಬರಿನ ತಳದಲ್ಲಿಯೇ ನಿಲ್ಲುತ್ತದೆ.

ಕಾರ್ವೆಟ್ ಕಾರಿನ ಉದಾಹರಣೆ

ಈ ವಿಷಯಕ್ಕೆ ಅಮೆರಿಕದ ಷೆವ್ರೊಲೆ ಕಾರ್ವೆಟ್ ಒಳ್ಳೆಯ ಉದಾಹರಣೆ. 1997ರಲ್ಲಿ ಬಂದ ಸಿ5 ಮಾದರಿಯಲ್ಲಿ 5.7 ಲೀಟರಿನ ಎಲ್‌ಎಸ್1 ವಿ8 ಎಂಜಿನ್ ಇತ್ತು. ಕಾರು ನೆಲಕ್ಕೆ ಹತ್ತಿರ ಇರಬೇಕಾದ್ದರಿಂದ ಆಳವಾದ ಚೇಂಬರಿಗೆ ಜಾಗವಿರಲಿಲ್ಲ. ಆಯಿಲ್ ಹಿಡಿಸಲು ಎರಡೂ ಪಕ್ಕಕ್ಕೆ ರೆಕ್ಕೆಯಂತೆ ಚಾಚಿದ ಚೇಂಬರ್ ಮಾಡಿದರು. ಅದಕ್ಕೆ ಬಾವಲಿ ರೆಕ್ಕೆ ಎಂಬ ಅಡ್ಡಹೆಸರೇ ಬಿತ್ತು. ರಸ್ತೆಯ ಮೇಲೆ ಅದು ಚೆನ್ನಾಗಿಯೇ ನಡೆಯಿತು. ಆದರೆ ರೇಸ್ ಟೈರ್ ಹಾಕಿ ಟ್ರ್ಯಾಕ್‌ನ ಉದ್ದ ತಿರುವುಗಳಲ್ಲಿ ಓಡಿಸಿದವರಿಗೆ ಆಯಿಲ್ ಪ್ರೆಷರ್ ಬೀಳುವ ತೊಂದರೆ ಎದುರಾಯಿತು. ಒಂದಷ್ಟು ಆಯಿಲ್ ಹೊರ ಬದಿಯ ರೆಕ್ಕೆಗೆ, ಇನ್ನಷ್ಟು ಹೊರ ಬದಿಯ ಹೆಡ್‌ಗೆ ಹೋಗಿ ನಿಲ್ಲುತ್ತಿತ್ತು. ಬ್ಯಾಫಲ್ ಇರುವ ಚೇಂಬರ್, ಆಯಿಲ್ ಅಕ್ಯುಮುಲೇಟರ್ ಹಾಕಿಸಿಕೊಳ್ಳುವುದು ಟ್ರ್ಯಾಕ್ ಓಡಿಸುವವರಲ್ಲಿ ರೂಢಿಯಾಯಿತು. 2006ರ ಝಡ್06 ಮಾದರಿಯ 7 ಲೀಟರ್ ಎಂಜಿನ್ನಿಗೆ ಕಂಪನಿಯೇ ಡ್ರೈ ಸಂಪ್ ವ್ಯವಸ್ಥೆ ಕೊಟ್ಟಿತು.

ಐದು ಬಗೆಯ ಪರಿಹಾರ

1. ಬ್ಯಾಫಲ್ ತಗಡು: ಚೇಂಬರಿನೊಳಗೆ, ಸ್ಟ್ರೈನರ್ ಸುತ್ತ ಗೋಡೆಗಳನ್ನು ಕಟ್ಟಿ ಸಣ್ಣ ಪೆಟ್ಟಿಗೆ ಮಾಡುವುದು. ಆಯಿಲ್ ಓಡಿ ಹೋಗದಂತೆ ತಡೆಯುವ ಕಡಿಮೆ ಖರ್ಚಿನ ದಾರಿ ಇದು.

2. ಒಮ್ಮುಖ ಬಾಗಿಲು: ಆ ಗೋಡೆಗಳಿಗೆ ಕೀಲು ಇರುವ ಪುಟ್ಟ ಬಾಗಿಲು ಕೂರಿಸುತ್ತಾರೆ. ಆಯಿಲ್ ಸ್ಟ್ರೈನರ್ ಕಡೆಗೆ ಬರುವಾಗ ಬಾಗಿಲು ತೆರೆಯುತ್ತದೆ, ಹೊರಗೆ ಹೋಗಲು ನೋಡಿದರೆ ಮುಚ್ಚುತ್ತದೆ. ಬಾವಿ ಪಂಪಿನ ಫುಟ್‌ವಾಲ್ವ್ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

3. ಹೆಚ್ಚು ಹಿಡಿಯುವ ಚೇಂಬರ್ ಮತ್ತು ವಿಂಡೇಜ್ ಟ್ರೇ: ಚೇಂಬರನ್ನು ಆಳ ಅಥವಾ ಅಗಲ ಮಾಡಿ ಹೆಚ್ಚು ಆಯಿಲ್ ತುಂಬುವುದು. ಕ್ರ್ಯಾಂಕ್ ಮತ್ತು ಆಯಿಲ್ ನಡುವೆ ಹಾಕುವ ತಟ್ಟೆಗೆ ವಿಂಡೇಜ್ ಟ್ರೇ ಎಂದು ಹೆಸರು. ಕ್ರ್ಯಾಂಕ್ ತಿರುಗುವ ಗಾಳಿಗೆ ಆಯಿಲ್ ನೊರೆಯಾಗದಂತೆ ಅದು ಕಾಯುತ್ತದೆ.

4. ಅಕ್ಯುಮುಲೇಟರ್: ಒಳಗೆ ಪಿಸ್ಟನ್ ಇರುವ ಸಿಲಿಂಡರ್. ಒಂದು ಬದಿ ಗಾಳಿ, ಇನ್ನೊಂದು ಬದಿ ಆಯಿಲ್. ಎಂಜಿನ್ನಿನ ಪ್ರೆಷರ್ ಬಿದ್ದ ಕೂಡಲೇ ಗಾಳಿ ಒತ್ತಿ ಎರಡು ಮೂರು ಲೀಟರ್‌ವರೆಗೆ ಆಯಿಲನ್ನು ಬೇರಿಂಗಿಗೆ ಕಳಿಸುತ್ತದೆ. ತಿರುವು ಮುಗಿದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ.

5. ಡ್ರೈ ಸಂಪ್: ಆಯಿಲನ್ನು ಚೇಂಬರಿನಲ್ಲಿ ನಿಲ್ಲಿಸದೆ, ಬೇರೆ ಪಂಪುಗಳಿಂದ ಎಳೆದು ಎತ್ತರದ ಪ್ರತ್ಯೇಕ ಟ್ಯಾಂಕಿಗೆ ತುಂಬುವುದು. ಅಲ್ಲಿಂದ ಎಂಜಿನ್ನಿಗೆ ಸರಬರಾಜು. ಎಲ್ಲಕ್ಕಿಂತ ಭದ್ರ, ಎಲ್ಲಕ್ಕಿಂತ ದುಬಾರಿ. ಏರ್‌ಕೂಲ್ಡ್ ಪೋರ್ಷೆ 911 ಕಾರುಗಳಲ್ಲಿ ಮೊದಲಿನಿಂದಲೂ ಇದೇ ವ್ಯವಸ್ಥೆ ಇತ್ತು.

ವರ್ಕ್‌ಶಾಪಿನಲ್ಲಿ ಗಮನಿಸಬೇಕಾದ್ದು

ಬ್ಯಾಫಲ್ ಕೂರಿಸುವ ಕೆಲಸವನ್ನು ಅನುಭವಿ ಮೆಕ್ಯಾನಿಕ್ ಮತ್ತು ವೆಲ್ಡರ್ ಸೇರಿ ಊರಲ್ಲೇ ಮಾಡಬಲ್ಲರು. ಆದರೆ ಕೆಲವು ಎಚ್ಚರಿಕೆಗಳು ಅಗತ್ಯ. ಚೇಂಬರನ್ನು ಬಿಚ್ಚಿ, ಜಿಡ್ಡು ಪೂರ್ತಿ ತೊಳೆದು ಒಣಗಿಸದೆ ವೆಲ್ಡಿಂಗ್ ಮಾಡಿದರೆ ಬೆಂಕಿ ಹತ್ತುವ ಅಪಾಯವಿದೆ. ಬಿಸಿಗೆ ತಗಡು ಸೊಟ್ಟಗಾದರೆ ಗ್ಯಾಸ್ಕೆಟ್ ಕೂರದೆ ಸೋರುತ್ತದೆ. ಅಲ್ಯೂಮಿನಿಯಂ ಚೇಂಬರಿಗೆ ಆರ್ಗಾನ್ ವೆಲ್ಡಿಂಗ್ ಬೇಕು. ಬೆಸುಗೆಯ ಪುಡಿ ಒಂದು ಕಾಳೂ ಒಳಗೆ ಉಳಿಯಬಾರದು. ಕೆಲಸ ಮುಗಿದ ಮೇಲೆ ಸೀಮೆಎಣ್ಣೆ ತುಂಬಿಸಿಟ್ಟು ಸೋರಿಕೆ ನೋಡಬೇಕು.

ಬ್ಯಾಫಲ್ ಕ್ರ್ಯಾಂಕ್‌ಗೆ ತಾಗಬಾರದು. ಮೇಲಿಂದ ಇಳಿಯುವ ಆಯಿಲ್‌ಗೆ ದಾರಿ ಕಟ್ಟಬಾರದು. ಚೇಂಬರ್ ಆಳ ಮಾಡಿದರೆ ಸ್ಟ್ರೈನರನ್ನೂ ಅಷ್ಟೇ ಕೆಳಗಿಳಿಸಬೇಕು, ಇಲ್ಲದಿದ್ದರೆ ಹೆಚ್ಚುವರಿ ಆಯಿಲ್ ಇದ್ದೂ ಉಪಯೋಗವಿಲ್ಲ. ಗ್ಯಾಸ್ಕೆಟ್ ಪೇಸ್ಟ್ ಅತಿಯಾಗಿ ಬಳಿದರೆ ಒಳಗೆ ಉಕ್ಕಿದ ಚೂರುಗಳು ಕಳಚಿ ಸ್ಟ್ರೈನರ್ ಜಾಲರಿಗೆ ಅಂಟುತ್ತವೆ. ಬಾಯಾರಿಕೆ ನೀಗಿಸಲು ಹೋಗಿ ಗಂಟಲೇ ಕಟ್ಟಿದಂತಾಗುತ್ತದೆ.

ನಮ್ಮ ರಸ್ತೆಗಳ ಕಾರಿಗೆ ಬೇಕೇ?

ಕೊಯಮತ್ತೂರು ಬಳಿಯ ಚೆಟ್ಟಿಪಾಳ್ಯಂನ ಕಾರಿ ಮೋಟರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇಂತಹ ಕಡೆ ಅಂಟುವ ಟೈರ್ ಹಾಕಿ ಕಾರು ಓಡಿಸುವವರಿಗೆ ಇದು ಯೋಚಿಸಬೇಕಾದ ಸಂಗತಿ. ಅವರು ಕೂಡ ಮೊದಲು ಆಯಿಲ್ ಪ್ರೆಷರ್ ಮೀಟರ್ ಹಾಕಿಸಿ, ಯಾವ ತಿರುವಿನಲ್ಲಿ ಮುಳ್ಳು ಬೀಳುತ್ತದೆ ಎಂದು ನೋಡಿದ ಮೇಲೆ ಖರ್ಚು ಮಾಡುವುದು ಒಳ್ಳೆಯದು.

ದಿಂಬಂನ 27, ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿಯ 36, ವಯನಾಡಿನ ತಾಮರಶ್ಶೇರಿ ಚುರದ 9 ತಿರುವುಗಳಲ್ಲಿ ಸರಿಯಾದ ವೇಗದಲ್ಲಿ ಓಡುವ ಕಾರಿಗೆ ಚೇಂಬರ್ ಬದಲಾವಣೆ ಬೇಡ. ಕಂಪನಿಯವರು ಇಷ್ಟು ವಾಲುವಿಕೆಗೆ ಲೆಕ್ಕ ಹಾಕಿಯೇ ಚೇಂಬರ್ ಮಾಡಿರುತ್ತಾರೆ. ಆಳದ ಚೇಂಬರ್ ಹಾಕಿಸಿದರೆ ಕಲ್ಲು, ಹಂಪ್‌ಗಳಿಗೆ ತಾಗಿ ಒಡೆಯುವ ಭಯವೇ ಹೆಚ್ಚು. ವಾರಂಟಿಗೂ ತೊಡಕಾಗಬಹುದು.

ಆದರೆ ಈ ಲೆಕ್ಕ ನಿಂತಿರುವುದು ಆಯಿಲ್ ಸರಿಯಾದ ಮಟ್ಟದಲ್ಲಿದೆ ಎಂಬುದರ ಮೇಲೆ. ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಬಹುತೇಕ ಕಾರುಗಳಲ್ಲಿ ಸುಮಾರು ಒಂದು ಲೀಟರ್ ವ್ಯತ್ಯಾಸ. 3 ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಒಂದು ಲೀಟರ್ ಇಲ್ಲವೆಂದರೆ ಮೂರನೇ ಒಂದು ಭಾಗವೇ ಇಲ್ಲ. ಹಳೆಯ ಎಂಜಿನ್ ಆಯಿಲ್ ಸುಡುತ್ತಿದ್ದರೆ ಮುಂದಿನ ಸರ್ವಿಸ್‌ವರೆಗೆ ಕಾಯುವಂತಿಲ್ಲ.

ಘಟ್ಟ ಹತ್ತುವ ಮೊದಲು ಇಷ್ಟು ನೋಡಿಕೊಂಡರೆ ಸಾಕು:

* ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಮಟ್ಟ ಮೇಲಿನ ಗೆರೆಯ ಹತ್ತಿರ ಇರಲಿ.
* ಗೆರೆ ಮೀರಿ ತುಂಬಬಾರದು. ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆ ಬರುತ್ತದೆ. ನೊರೆಯೂ ಗಾಳಿಯೇ.
* ಚೇಂಬರ್ ಕಲ್ಲಿಗೆ ತಾಗಿದ್ದರೆ ಸೋರಿಕೆ ಇಲ್ಲವೆಂದು ಸುಮ್ಮನಾಗಬಾರದು. ತಳ ಒಳಗೆ ನೆಗ್ಗಿ ಸ್ಟ್ರೈನರಿಗೆ ಅಂಟಿಕೊಂಡರೆ ಆಯಿಲ್ ಇದ್ದೂ ಪಂಪಿಗೆ ಸಿಗುವುದಿಲ್ಲ. ಬಿಚ್ಚಿಸಿ ನೋಡಬೇಕು. ಕಲ್ಲು ದಾರಿಯಲ್ಲಿ ಓಡುವ ಕಾರಿಗೆ ಚೇಂಬರ್ ಗಾರ್ಡ್ ಹಾಕಿಸುವುದು ಲೇಸು.

ಕೆಂಪು ದೀಪ ಮಿನುಗಿದರೆ

ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಕ್ಯಾನ್ ಚಿತ್ರವಿರುವ ಕೆಂಪು ದೀಪ ಆಯಿಲ್ ಮಟ್ಟವನ್ನು ಹೇಳುವುದಲ್ಲ, ಪ್ರೆಷರ್ ಬಿದ್ದಿದೆ ಎಂದು ಹೇಳುವುದು. ಅದೂ ಪ್ರೆಷರ್ ತೀರಾ ಕೆಳಗೆ ಇಳಿದ ಮೇಲೆ. ತಿರುವಿನಲ್ಲಿ ಒಮ್ಮೆ ಮಿನುಗಿ ನೇರ ರಸ್ತೆಯಲ್ಲಿ ಆರಿದರೆ ವಯರಿಂಗ್ ದೋಷ ಎಂದು ತಳ್ಳಿಹಾಕುವವರು ಬಹಳ. ವಾಸ್ತವವಾಗಿ ಸ್ಟ್ರೈನರ್ ಗಾಳಿ ಎಳೆಯುತ್ತಿದೆ ಎಂಬುದಕ್ಕೆ ಅದೇ ಮೊದಲ ಸೂಚನೆ ಆಗಿರಬಹುದು.

ಆಗ ಆಕ್ಸಿಲರೇಟರ್ ಬಿಟ್ಟು, ಅಗಲವಾದ ಜಾಗ ಸಿಕ್ಕ ಕೂಡಲೇ ಗಾಡಿ ನಿಲ್ಲಿಸಿ, ನಿಂತ ಮೇಲೆ ಎಂಜಿನ್ ಆಫ್ ಮಾಡಬೇಕು. ಗಾಡಿ ಚಲಿಸುತ್ತಿರುವಾಗಲೇ ಆಫ್ ಮಾಡಿದರೆ ಸ್ಟೀರಿಂಗ್ ಮತ್ತು ಬ್ರೇಕ್ ಬಿಗಿಯಾಗಿ ಅಪಾಯವಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಬೇಕು. ಆಮೇಲೆ ಡಿಪ್‌ಸ್ಟಿಕ್ ನೋಡಿ ಕಡಿಮೆಯಿದ್ದಷ್ಟು ಅದೇ ದರ್ಜೆಯ ಆಯಿಲ್ ಹಾಕಬೇಕು. ಹಾಕಿದ ಮೇಲೂ ದೀಪ ಆರದಿದ್ದರೆ, ಎಂಜಿನ್ ಬಡಿಯುವ ಸದ್ದಿದ್ದರೆ, ಮೇಲೆ ಹೋಗಿ ನೋಡೋಣ ಎನ್ನದೆ ಟೋಯಿಂಗ್ ಗಾಡಿ ಕರೆಸುವುದೇ ಸರಿ. ಟೋಯಿಂಗ್‌ಗೆ ಆಗುವ ಖರ್ಚು ಕ್ರ್ಯಾಂಕ್ ಗ್ರೈಂಡಿಂಗ್ ಮತ್ತು ಹೊಸ ಬೇರಿಂಗಿನ ಖರ್ಚಿನ ಮುಂದೆ ಚಿಕ್ಕದು.