ಟ್ರಕ್ಕಿನ ಮುಂದಿನ ಅಚ್ಚು



ಎತ್ತಿನ ಗಾಡಿಯ ಒಂದು ಚಕ್ರ ಕಲ್ಲು ಹತ್ತಿತು ಅನ್ನಿ. ಆ ಚಕ್ರವೊಂದೇ ಏಳುತ್ತದೆಯೇ? ಇಲ್ಲ. ಅಚ್ಚು ಓರೆಯಾಗಿ, ಆಚೆ ಚಕ್ರವೂ ವಾಲಿ, ಮೇಲೆ ಕೂತವನ ಸೊಂಟಕ್ಕೆ ಪೆಟ್ಟು ಬೀಳುತ್ತದೆ. ಮೂಟೆ ಒಯ್ಯಲು ಊರಿಗೆ ಬರುವ ದೊಡ್ಡ ಲಾರಿಯ ಮುಂಭಾಗಕ್ಕೆ ಬಗ್ಗಿ ನೋಡಿ. ಅಲ್ಲೂ ಸಾಮಾನ್ಯವಾಗಿ ಇದೇ ಏರ್ಪಾಡು. ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಉಕ್ಕಿನ ತೊಲೆ, ಅದರ ಮೇಲೆ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಸ್ಪ್ರಿಂಗು.

ಅಮೆರಿಕದ ರೈತರ ಪಿಕಪ್ ಟ್ರಕ್ಕು ಕೂಡ ಬಹುಕಾಲ ಹೀಗೆಯೇ ಇತ್ತು. 1947ರಲ್ಲಿ ಷೆವರ್ಲೆಯವರು ಹೊರತಂದ ದುಂಡು ಮೂತಿಯ ಟ್ರಕ್ಕಿಗೂ ಗಟ್ಟಿ ಅಚ್ಚೇ. ಗಟ್ಟಿ ಅಚ್ಚನ್ನು ಹಳಿಯಬೇಕಾಗಿಲ್ಲ. ಭಾರ ತಡೆಯುತ್ತದೆ, ಬಿಚ್ಚಿ ಕಟ್ಟುವುದೂ ಸುಲಭ. ತೊಂದರೆ ಬರುವುದು ವೇಗ ಏರಿದಾಗ. ಒಂದು ಚಕ್ರದ ಪೆಟ್ಟು ಇನ್ನೊಂದಕ್ಕೆ ಹಾಯ್ದು, ಎರಡೂ ಗಡಗಡ ನಡುಗಿ, ಸ್ಟೀರಿಂಗು ಕೈಯಲ್ಲಿ ನಿಲ್ಲದ ಹಾಗಾಗುತ್ತದೆ.

ಕಾರು ಮಾಡುವವರು ಇದಕ್ಕೆ ಮದ್ದನ್ನು ಮೊದಲೇ ಕಂಡಿದ್ದರು. ಮುಂದಿನ ಎರಡು ಚಕ್ರಗಳನ್ನೂ ಬೇರೆ ಬೇರೆಯಾಗಿ ತೂಗುಹಾಕುವುದೇ ಆ ಮದ್ದು. ಇಟಲಿಯ ಲಾನ್ಸಿಯಾ ಲ್ಯಾಂಬ್ಡಾ ಕಾರಿನಲ್ಲಿ 1922ರಲ್ಲೇ ಅದಿತ್ತು. ರೋಲ್ಸ್ ರಾಯ್ಸ್ ಬಿಟ್ಟು ಜನರಲ್ ಮೋಟಾರ್ಸ್ ಸೇರಿದ ಮಾರಿಸ್ ಓಲಿ ಎಂಬ ಎಂಜಿನಿಯರು ಇದರ ಮೇಲೆ ದುಡಿದರು. 1934ರಲ್ಲಿ ಆ ಕಂಪನಿಯ ಹಲವು ಕಾರುಗಳಿಗೆ ಅದು ಬಂತು. ಅದೇ ಕಂಪನಿಯ ಷೆವರ್ಲೆ ಪಿಕಪ್ಪಿಗೆ ಬರಬೇಕಾದರೆ 1960 ಆಯಿತು. ಕಾರಿನವನ ಸೊಂಟಕ್ಕೆ ಇದ್ದ ಬೆಲೆ ರೈತನ ಸೊಂಟಕ್ಕೆ 26 ವರ್ಷ ತಡವಾಗಿ ಬಂತು ಅನ್ನಿ! ಮೊದಲು ತಿರುಚಿಕೊಳ್ಳುವ ಉಕ್ಕಿನ ಸರಳು ಹಾಕಿದರು, 1963ರಿಂದ ಸುರುಳಿ ಸ್ಪ್ರಿಂಗು. ಫೋರ್ಡಿನವರು 1965ರಲ್ಲಿ ಒಂದು ತೊಲೆಯ ಬದಲು ಎರಡು ತೊಲೆ ಇಟ್ಟು, ಚಕ್ರಕ್ಕೊಂದರಂತೆ ಕೊಟ್ಟರು.

ಸರಿ, ಅದಕ್ಕೂ ಹಿಂದಿನ ಟ್ರಕ್ಕು ಇಟ್ಟುಕೊಂಡವರ ಗತಿ? ಅವರಿಗೆ ಒದಗಿದ್ದು ಫೋರ್ಡಿನ ಮಸ್ಟಾಂಗ್ 2 ಎಂಬ ಚಿಕ್ಕ ಕಾರು. ಅದು 1974ರಿಂದ 1978ರವರೆಗಿನ ಮಾದರಿ ವರ್ಷಗಳದ್ದು. ಅದರ ಮುಂಭಾಗದ ಜೋಡಣೆ ಅಡಕವಾದದ್ದು. ಮೇಲೊಂದು ಕೆಳಗೊಂದು ತೋಳು, ನಡುವೆ ಸುರುಳಿ ಸ್ಪ್ರಿಂಗು, ಜೊತೆಗೆ ಹಲ್ಲುಪಟ್ಟಿಯ ಸ್ಟೀರಿಂಗು. ಗುಜರಿಯಿಂದ ಅದನ್ನು ತಂದು ಹಳೇ ಟ್ರಕ್ಕಿನ ಚೌಕಟ್ಟಿಗೆ ಬೆಸೆದರು. ಬೇಡಿಕೆ ಕಂಡು, ಅದೇ ಮಾದರಿಯನ್ನು ಹೊಸದಾಗಿ ಮಾಡಿ ಮಾರುವ ಕಂಪನಿಗಳೂ ಹುಟ್ಟಿಕೊಂಡವು.

ಕೆಲಸ ಮಾತ್ರ ಹುಡುಗಾಟವಲ್ಲ. ಚಿಕ್ಕ ಕಾರಿನ ಸ್ಪ್ರಿಂಗು ಟ್ರಕ್ಕಿನ ಎಂಜಿನ್ನಿಗೆ ಸಾಲದು, ತೂಕ ನೋಡಿ ಬೇರೆ ಹಾಕಬೇಕು. ಬ್ರೇಕೂ ದೊಡ್ಡದು ಬೇಕು. ಚೌಕಟ್ಟನ್ನು ಮಟ್ಟಮಾಡಿ, ಎರಡೂ ಬದಿ ಅಳೆದು, ಅಡ್ಡ ತೊಲೆ ಕೂರಿಸಬೇಕು. ಹಳೇ ಚೌಕಟ್ಟಿನ ಒಂದು ಮಗ್ಗುಲು ತೆರೆದಿರುತ್ತದೆ. ಬೆಸುಗೆ ಬೀಳುವ ಕಡೆ ಅದನ್ನು ತಗಡು ಕೊಟ್ಟು ಮುಚ್ಚಿ ಬಲಪಡಿಸಬೇಕು. ಸ್ಟೀರಿಂಗಿನ ಹಲ್ಲುಪಟ್ಟಿ ತೋಳುಗಳಿಗೆ ಸರಿಹೊಂದದೆ ಕೂತರೆ, ಗುಂಡಿ ಸಿಕ್ಕಾಗಲೆಲ್ಲ ಚಕ್ರ ತನ್ನಷ್ಟಕ್ಕೆ ತಾನೇ ತಿರುಗುತ್ತದೆ. ಬೆಸುಗೆ ಬಿಟ್ಟರಂತೂ ಚಕ್ರವೇ ಕಳಚಿತು, ಒಳಗಿದ್ದವರ ಪ್ರಾಣ ಹೋಯಿತು.

ನಮ್ಮ ಹಳೇ ಗಾಡಿಗೂ ಹೀಗೆ ಮಾಡಿಸೋಣವೇ ಅಂತೀರಾ? ಅವಸರ ಬೇಡ. ತಯಾರಕರು ಕೊಟ್ಟ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. ಅಲ್ಲದೆ ಹಳೇ ಗಾಡಿ ಅದುರುವುದಕ್ಕೆ ಅಚ್ಚೇ ಕಾರಣವಾಗಿರಬೇಕೆಂದಿಲ್ಲ. ಗಾಡಿ ಉರುಳದಂತೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಜಾಕಿ ಇಟ್ಟು ಮುಂದಿನ ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗೋ ಕಿಂಗ್ ಪಿನ್ನೋ ಸವೆದಿದೆ. ಮೊದಲು ಅದನ್ನು ಬದಲಾಯಿಸಿ.