ಮೂರನೇ ತರಗತಿಯ ಗಡಿ: ಕಲಿಕಾ ನ್ಯೂನತೆಯ ವ್ಯಾಖ್ಯೆ ಮತ್ತು ಮಲೆನಾಡಿನ ಮೂರು ತಾಲ್ಲೂಕುಗಳು

ಲೆಕ್ಕದ ಕಲಿಕೆಯಲ್ಲಿ ನಿರ್ದಿಷ್ಟ ತೊಡಕಿರುವ, ಅಂದರೆ ಡಿಸ್‌ಕ್ಯಾಲ್ಕುಲಿಯಾ ಇರುವ ಮಕ್ಕಳು ಎಷ್ಟು ಮಂದಿ? ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಎಸ್. ರಮಾ ಅವರು ಐ.ಪಿ. ಗೌರಮ್ಮ ಅವರೊಡನೆ 2002ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಶೇ. 5.5ರಿಂದ 6ರಷ್ಟು ಎನ್ನುತ್ತದೆ. ಬೆಳಗಾವಿ ನಗರದ ಮೂರು ಮತ್ತು ನಾಲ್ಕನೇ ತರಗತಿಯ ಮಕ್ಕಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಶೇ. 10.5 ಎನ್ನುತ್ತದೆ; ಓದು, ಬರಹ, ಲೆಕ್ಕ ಮೂರನ್ನೂ ಸೇರಿಸಿದರೆ ಅಲ್ಲಿ ಸಿಕ್ಕ ಪ್ರಮಾಣ ಶೇ. 15.17. ಬೆಳಗಾವಿಯ ಮಕ್ಕಳ ಮಿದುಳು ಬೇರೆ ಬಗೆಯದೆಂದು ಯಾರೂ ಹೇಳಲಾರರು. ಎರಡೂ ಅಧ್ಯಯನಗಳು ಹಂತಹಂತವಾಗಿ ಬೇರೆ ಕಾರಣಗಳಿಂದ ಹಿಂದೆಬಿದ್ದ ಮಕ್ಕಳನ್ನು ಬೇರ್ಪಡಿಸುತ್ತ ಹೋಗಿ, ಕೊನೆಗೆ ಉಳಿದವರನ್ನು ಎಣಿಸಿದವು. ಯಾರನ್ನು ಒಳಗಿಡುವುದು, ಯಾರನ್ನು ಹೊರಗಿಡುವುದು ಎಂಬ ಗೆರೆ ಸರಿದರೆ ಅಂಕಿಯೂ ಸರಿಯುತ್ತದೆ. ಹಾಗಾಗಿ ಇಂಥ ತೊಡಕುಗಳನ್ನೆಲ್ಲ ಒಳಗೊಳ್ಳುವ ಕಲಿಕಾ ನ್ಯೂನತೆಯ ವ್ಯಾಖ್ಯೆಯ ಚರ್ಚೆ ಪಂಡಿತರ ಕೋಣೆಯಲ್ಲಿ ಮುಗಿಯುವಂಥದಲ್ಲ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ತಾಲ್ಲೂಕುಗಳಾದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಗುಡ್ಡದ ನಡುವಿನ ಒಂದು ಶಾಲೆಯಲ್ಲಿ ಕುಳಿತ ಮಗುವಿಗೆ ನೆರವು ಸಿಗುತ್ತದೋ ಇಲ್ಲವೋ ಎಂಬುದನ್ನೂ ಅದೇ ನಿರ್ಧರಿಸುತ್ತದೆ.

ಇಂಥ ಮಗುವನ್ನು ವೈದ್ಯರಿಗಿಂತ ಮುಂಚೆ ಗುರುತಿಸಿದವರು ಮೇಷ್ಟರು. 1896ರ ನವೆಂಬರಿನಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಹುಡುಗ ಚುರುಕು, ಆಟದಲ್ಲಿ ಮುಂದು, ಲೆಕ್ಕವೂ ಬರುತ್ತಿತ್ತು, ಕಣ್ಣಿನಲ್ಲಿ ದೋಷವಿರಲಿಲ್ಲ. ಆದರೆ ಓದಲಾರ, ತನ್ನ ಹೆಸರನ್ನೇ ಅಕ್ಷರ ಅದಲುಬದಲು ಮಾಡಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಇವನು ಜಾಣನಾಗುತ್ತಿದ್ದ ಎಂಬ ಅವನ ಅಧ್ಯಾಪಕರ ಅಭಿಪ್ರಾಯವನ್ನು ಮಾರ್ಗನ್ ತಮ್ಮ ವರದಿಯಲ್ಲಿ ದಾಖಲಿಸಿದರು. ದಿನದಿನವೂ ಪಾಠ ಹೇಳಿದವರ ಕಣ್ಣಿಗೆ ಬಿದ್ದ, ಜಾಣತನಕ್ಕೂ ಓದಿಗೂ ನಡುವಿನ ಈ ಅಂತರವೇ ಮುಂದಿನ ಎಲ್ಲ ವ್ಯಾಖ್ಯೆಗಳ ಬೀಜ.

1963ರಲ್ಲಿ ಷಿಕಾಗೋದಲ್ಲಿ ಸೇರಿದ ಪೋಷಕರ ಸಮಾವೇಶದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಯಾಮ್ಯುಯೆಲ್ ಕರ್ಕ್ ಇಂಥ ಮಕ್ಕಳ ತೊಡಕಿಗೆಲ್ಲ ‘ಕಲಿಕಾ ನ್ಯೂನತೆ’ ಎಂಬ ಒಂದೇ ಹೆಸರು ಸೂಚಿಸಿದರು. ಕುರುಡು, ಕಿವುಡು, ಬುದ್ಧಿಮಾಂದ್ಯ ಇದರೊಳಗೆ ಬರುವುದಿಲ್ಲ ಎಂದು ಆಗಲೇ ಸ್ಪಷ್ಟಪಡಿಸಿದರು. 1975ರ ಅಮೆರಿಕದ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಡತನ, ಪರಿಸರ, ಸಂಸ್ಕೃತಿಯ ಅನನುಕೂಲದಿಂದ ಉಂಟಾದ ಹಿನ್ನಡೆಯನ್ನೂ ಹೊರಗಿಟ್ಟಿತು. ಬುದ್ಧ್ಯಂಕಕ್ಕೂ ಓದಿನ ಮಟ್ಟಕ್ಕೂ ದೊಡ್ಡ ಅಂತರ ಕಾಣಬೇಕೆಂಬ ನಿಯಮ ದಶಕಗಳ ಕಾಲ ನಡೆಯಿತು. ಅಂತರ ಬೆಳೆದು ಕಾಣುವಷ್ಟರಲ್ಲಿ ಮಗುವಿನ ಎರಡು ಮೂರು ಅಮೂಲ್ಯ ವರ್ಷ ಕಳೆದಿರುತ್ತಿದ್ದವು. 2004ರಲ್ಲಿ ಅಲ್ಲಿನ ಕಾನೂನೇ ಆ ಹಟವನ್ನು ಸಡಿಲಿಸಿ, ಚೆನ್ನಾಗಿ ಕಲಿಸಿದಾಗ ಮಗು ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಆಧಾರವಾಗಿ ಒಪ್ಪಿತು. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಐದನೇ ಆವೃತ್ತಿಯೂ ಇದೇ ದಾರಿ ಹಿಡಿದು, ನೆರವು ಕೊಟ್ಟ ಮೇಲೂ ಕನಿಷ್ಠ ಆರು ತಿಂಗಳು ತೊಡಕು ಉಳಿದಿರಬೇಕೆಂದು ಹೇಳುತ್ತದೆ. ಪಾಠ ಸರಿಯಾಗಿ ಸಿಗದಿರುವುದು, ಕಲಿಕೆಯ ಮಾಧ್ಯಮದ ಭಾಷೆ ಬಾರದಿರುವುದು ಕಾರಣವಾಗಿರಬಾರದೆಂದೂ ಹೇಳುತ್ತದೆ.

ಭಾರತದಲ್ಲಿ 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಕಲಿಕಾ ನ್ಯೂನತೆಗೆ ಜಾಗವಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವರ್ಗಗಳನ್ನು ಗುರುತಿಸಿ, ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನು ಅವುಗಳಲ್ಲಿ ಸೇರಿಸಿತು. ಆಡುವ ಅಥವಾ ಬರೆಯುವ ಭಾಷೆಯನ್ನು ಸಂಸ್ಕರಿಸುವಲ್ಲಿನ ಕೊರತೆಯಿಂದ ಅರ್ಥಗ್ರಹಣ, ಮಾತು, ಓದು, ಬರಹ, ಕಾಗುಣಿತ, ಗಣಿತದಲ್ಲಿ ಕಾಣಿಸಿಕೊಳ್ಳುವ ನಾನಾ ಬಗೆಯ ಸ್ಥಿತಿಗಳ ಗುಂಪು ಎಂಬುದು ಅದರ ಸಾರ. ಕಾಯ್ದೆಯ ಮಾತು ವಿಶಾಲವಾಗಿದೆ, ಬಡತನವನ್ನು ಹೊರಗಿಡುವ ಷರತ್ತು ಅದರಲ್ಲಿ ಬರೆದಿಲ್ಲ. ಬಾಗಿಲು ಕಿರಿದಾಗುವುದು ಆಚರಣೆಯಲ್ಲಿ. ಮೂರನೇ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಿಕ್ಷಕರು ಪ್ರಾಥಮಿಕ ತಪಾಸಣೆ ಮಾಡಬೇಕೆಂದು 2018ರ ಜನವರಿಯ ಮಾರ್ಗಸೂಚಿ ಹೇಳಿತು. ನಂತರ ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು. ಬುದ್ಧ್ಯಂಕ 85ನ್ನು ಮೀರಿದರೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ. 14 ಮತ್ತು 18ನೇ ವಯಸ್ಸಿನಲ್ಲಿ ಮರುಪರಿಶೀಲನೆ. ಚಿಕಿತ್ಸಾಲಯಗಳ ರೂಢಿಯಲ್ಲಿ, ಓದುತ್ತಿರುವ ತರಗತಿಗಿಂತ ಎರಡು ತರಗತಿ ಹಿಂದಿದ್ದರೆ ನ್ಯೂನತೆಯೆಂದು ಹಿಡಿಯುತ್ತಾರೆ.

ಈ ಎರಡು ತರಗತಿಯ ಅಳತೆಗೋಲು ಇಂಗ್ಲಿಷ್ ಓದಿಗೆ ಒಗ್ಗಿದಷ್ಟು ಕನ್ನಡಕ್ಕೆ ಒಗ್ಗುತ್ತದೆಯೇ ಎಂದು ಕೇಳಲೇಬೇಕು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ ನಿಜ. ಆದರೆ ಕಲಿಯಬೇಕಾದ ಆಕೃತಿಗಳ ರಾಶಿ ದೊಡ್ಡದು: 34 ವ್ಯಂಜನಗಳ ಕಾಗುಣಿತವೇ ನಾನೂರನ್ನು ದಾಟುತ್ತದೆ, ಮೇಲೆ ಒತ್ತಕ್ಷರ, ಅರ್ಕಾವತ್ತು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ತೋರಿಸಿದಂತೆ, ಕನ್ನಡದ ಅಕ್ಷರಜ್ಞಾನ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಅವರು ಮಾರ್ಗರೆಟ್ ಸ್ನೋಲಿಂಗ್ ಜೊತೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದಿನಲ್ಲಿ ಹಿಂದಿದ್ದ ಕನ್ನಡದ ಮಕ್ಕಳಿಗೆ ಇಡೀ ಅಕ್ಷರದ ಮಟ್ಟದಲ್ಲೂ ಅದರೊಳಗಿನ ಬಿಡಿ ಧ್ವನಿಯ ಮಟ್ಟದಲ್ಲೂ ತೊಡಕು ಕಂಡಿತು. ಅದಕ್ಕೂ ಮುಂಚೆ, 1993ರಲ್ಲಿ, ರಮಾ, ಟಿ.ಆರ್. ಮೈಲ್ಸ್ ಮತ್ತು ಲಲಿತಮ್ಮ ಕನ್ನಡದಲ್ಲಿ ಡಿಸ್‌ಲೆಕ್ಸಿಯಾ, ಅಂದರೆ ಓದಿನ ನಿರ್ದಿಷ್ಟ ತೊಡಕು, ಹೇಗೆ ಕಾಣುತ್ತದೆಂದು ಬರೆದಿದ್ದರು. ಕನ್ನಡಿಯಲ್ಲಿ ಕಂಡಂತೆ ತಿರುಗಿ ಬೀಳುವ ಇಂಗ್ಲಿಷಿನ ಬಿ, ಡಿ ಅಕ್ಷರಗಳನ್ನೇ ಹುಡುಕುತ್ತ ಕುಳಿತರೆ, ‘ಅಕ್ಕ’ ಎಂಬಲ್ಲಿ ಒತ್ತನ್ನು ಬಿಡುವ, ದೀರ್ಘವನ್ನು ನುಂಗುವ, ತಪ್ಪಿಲ್ಲದಿದ್ದರೂ ಒಂದೊಂದೇ ಅಕ್ಷರ ಕೂಡಿಸಿ ತಡವರಿಸುವ ಕನ್ನಡದ ಮಗು ಕಣ್ತಪ್ಪಿಹೋಗುತ್ತದೆ.

ಮೂರು ತಾಲ್ಲೂಕುಗಳಿಗೆ ಬಂದರೆ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಶೃಂಗೇರಿಯ ಶಾರದೆಯ ಸನ್ನಿಧಿಗೆ ನಾಡಿನ ಮೂಲೆಮೂಲೆಯಿಂದ ಮಕ್ಕಳನ್ನು ಅಕ್ಷರಾಭ್ಯಾಸಕ್ಕೆ ಕರೆತರುತ್ತಾರೆ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನದೇ. ಅಕ್ಷರಕ್ಕೆ ಇಷ್ಟು ಗೌರವವಿರುವ ಸೀಮೆಯಲ್ಲಿ ಅಕ್ಷರ ಒಲಿಯದ ಮಗುವಿನ ಮೇಲೆ ಬೀಳುವ ಅವಮಾನವೂ ದೊಡ್ಡದು, ‘ದಡ್ಡ’, ‘ಸೋಮಾರಿ’, ‘ಅವನ ತಲೆಗೆ ಹತ್ತೋದಿಲ್ಲ’ ಎಂಬ ಮಾತುಗಳು ಬೇಗ ಅಂಟಿಕೊಳ್ಳುತ್ತವೆ. ಮನೆಮಾತು ಹಲವರದು ಕನ್ನಡವಲ್ಲ: ತುಳು, ಕೊಂಕಣಿ, ಬ್ಯಾರಿ, ನರಸಿಂಹರಾಜಪುರದ ಕಡೆ ಮಲಯಾಳಂ, ಕಾಫಿ ತೋಟದ ಕಾರ್ಮಿಕರ ಲೈನುಗಳಲ್ಲಿ ತಮಿಳು. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಹಳ್ಳ ತುಂಬಿದರೆ ದೂರದ ಮನೆಗಳ ಮಕ್ಕಳು ಶಾಲೆಗೆ ಬರಲಾರರು. ಕಾಫಿ ಕೊಯ್ಲಿಗೆ ಬಂದ ಕುಟುಂಬಗಳ ಮಕ್ಕಳು ಕೊಯ್ಲು ಮುಗಿದೊಡನೆ ಊರು ಬಿಡುತ್ತಾರೆ. ಅಮೆರಿಕದ ಕಾನೂನು, ಕೈಪಿಡಿಗಳ ಹೊರಗಿಡುವ ಷರತ್ತನ್ನು ಇಲ್ಲಿ ಅಕ್ಷರಶಃ ಅನ್ವಯಿಸಿದರೆ ಭಾಷೆ, ಗೈರುಹಾಜರಿ, ಬಡತನ, ಒಂದಲ್ಲ ಒಂದು ಕಾರಣಕ್ಕೆ ಇವರೆಲ್ಲ ಹೊರಗೇ ಉಳಿಯುತ್ತಾರೆ. ಲೈನ್‌ಮನೆಯ ಮಗುವಿಗೆ ಬಡತನವೂ ಇರಬಹುದು, ಡಿಸ್‌ಲೆಕ್ಸಿಯಾವೂ ಇರಬಹುದು. ಒಂದಿದ್ದರೆ ಇನ್ನೊಂದಿಲ್ಲ ಎಂದು ಭಾವಿಸುವ ವ್ಯಾಖ್ಯೆ ಅನ್ಯಾಯದ ವ್ಯಾಖ್ಯೆ.

ಹಾಗಾದರೆ ಎರಡನ್ನೂ ಬೇರ್ಪಡಿಸುವುದು ಹೇಗೆ? ಉತ್ತರದ ಒಂದು ಭಾಗ ಈಗಾಗಲೇ ಶಾಲೆಯ ಗೋಡೆಯ ಮೇಲಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಕಲಿಕಾ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ತೊಡಗಿ, ಆ ಐದರಲ್ಲೇ ಸರ, ಅರಸ, ಅಗಸ ಓದಿಸುತ್ತಾರೆ. ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನ ವೇಗದಲ್ಲಿ ಏರುತ್ತದೆ. ಗೈರಾದ ಮಗು ಬಂದ ದಿನ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಯಾರು ಎಲ್ಲಿದ್ದಾರೆಂದು ‘ಪ್ರಗತಿ ನೋಟ’ದಲ್ಲಿ ಗುರುತಾಗುತ್ತದೆ.

ಮಳೆಗಾಲ ಕಳೆದು ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ತಪ್ಪದೆ ಬಂದ ಮಗು, ಕಥೆ ಹೇಳಿದರೆ ಅರ್ಥಮಾಡಿಕೊಂಡು ಮರಳಿ ಹೇಳಬಲ್ಲ ಮಗು, ಜೊತೆಯವರು ಮುಂದೆ ಹೋದರೂ ಅದೇ ಮೆಟ್ಟಿಲಲ್ಲಿ ನಿಂತಿದ್ದರೆ, ಆರು ತಿಂಗಳ ನೆರವಿಗೂ ಬಗ್ಗದ ತೊಡಕಿಗೆ ಇದಕ್ಕಿಂತ ಬಲವಾದ ಪುರಾವೆ ಪರೀಕ್ಷಾಕೊಠಡಿಯಲ್ಲಿ ಒಂದು ಗಂಟೆಯಲ್ಲಿ ಸಿಗುವುದಿಲ್ಲ. ತೋಟದ ಲೈನಿನ ಮಗುವನ್ನು ಅದೇ ಲೈನಿನಿಂದ ಬಂದ, ಅದೇ ಮನೆಮಾತಿನ ಮಕ್ಕಳೊಡನೆ ಹೋಲಿಸಿ ನೋಡಲೂ ಈ ದಾಖಲೆಯಿಂದ ಸಾಧ್ಯ. ಭಾಷೆಯ ಕಾರಣ ಯಾವುದು, ನ್ಯೂನತೆ ಯಾವುದು ಎಂಬುದು ಅಲ್ಲಿ ಬೇರೆಯಾಗಿ ಕಾಣತೊಡಗುತ್ತದೆ. ಮೂರು ತರಗತಿ ಒಟ್ಟಿಗೇ ಕೂರುವಲ್ಲಿ ‘ಎರಡು ತರಗತಿ ಹಿಂದೆ’ ಎಂಬ ಅಳತೆಗೆ ಅರ್ಥವೇ ಇಲ್ಲ. ಮೂರನೇ ತರಗತಿಯ ಮಗು ಅದಕ್ಕೆ ತಕ್ಕಷ್ಟು ಹಿಂದೆ ಬೀಳಬೇಕಾದರೆ ಒಂದನೇ ತರಗತಿಯಲ್ಲೇ ನಿಂತಿರಬೇಕಾಗುತ್ತದೆ.

ಇಲ್ಲಿ ಒಂದು ಆತಂಕದ ಸಂಗತಿಯಿದೆ. ಮಾರ್ಗಸೂಚಿ ತಪಾಸಣೆಗೆ ನಿಗದಿಪಡಿಸಿದ ಮೂರನೇ ತರಗತಿಯಲ್ಲೇ ನಲಿ-ಕಲಿ ಮುಗಿಯುತ್ತದೆ. ನಾಲ್ಕರಿಂದ ಪಠ್ಯಪುಸ್ತಕ, ಬೇರೆ ಶಿಕ್ಷಕರು. ಮೂರು ವರ್ಷದ ಗುರುತುಗಳು ಮಗುವಿನ ಹಿಂದೆ ಹೋಗದಿದ್ದರೆ ಎಲ್ಲ ಮೊದಲಿನಿಂದ ಶುರು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಬೇಕಾದಾಗ ಪ್ರಮಾಣಪತ್ರದ ನೆನಪಾಗಿ ತಂದೆತಾಯಿ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊರಡುವ ಹೊತ್ತಿಗೆ ಕಲಿಸಿ ಸರಿಪಡಿಸಬಹುದಾಗಿದ್ದ ಕಾಲ ಬಹಳಷ್ಟು ದಾಟಿರುತ್ತದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಮೂರನೇ ತರಗತಿಯ ಕೊನೆಯಲ್ಲಿ ಏಣಿಯ ನಡುವೆ ನಿಂತ ಮಕ್ಕಳ ಪ್ರಗತಿ ನೋಟ, ಹಾಜರಿ, ಮನೆಮಾತು, ನಾಲ್ಕಾರು ಬರಹದ ಹಾಳೆಗಳನ್ನು ಒಂದು ಕಡತವಾಗಿಸಬೇಕು. ಒಂದು ಪ್ರತಿ ನಾಲ್ಕನೇ ತರಗತಿಯ ಶಿಕ್ಷಕರ ಕೈಗೆ, ಇನ್ನೊಂದು ತಪಾಸಣೆ ಮಾಡುವ ವೈದ್ಯರ ಮೇಜಿಗೆ. ಆಗ ಬುದ್ಧ್ಯಂಕದ ಅಂಕಿಯನ್ನು ಓದುವ ಮೊದಲು ವೈದ್ಯರು ಮಗುವಿನ ಮೂರು ವರ್ಷದ ಕಲಿಕೆಯನ್ನು ಓದಿರುತ್ತಾರೆ.